ಪಕ್ಷೇತರ

ಲೀಗಿನ ಬಿಲ್ಲೆ ಕೂರುವುದು ಎಡತೋಳಿನಲ್ಲಿ,
ಹೆಗಲ ಹೊಲಿಗೆಯಿಂದ ನಾಲ್ಕು ಬೆರಳು ಕೆಳಗೆ.
ಹಚ್ಚಲು ನೂರು ಫಿಲ್ಸ್, ಬಿಚ್ಚಲು ನೂರೈವತ್ತು.
ಯಾಕೆ ಮೋನಾಕ, ಬಿಚ್ಚಲು ಜಾಸ್ತಿ? ಕೇಳುತ್ತಾರೆ ಹುಡುಗರು.
ಬಿಚ್ಚಿ ನೋಡಿ, ಅನ್ನುತ್ತೇನೆ, ಬಟ್ಟೆ ಹರಿಯದ ಹಾಗೆ.

ಫಹಾಹೀಲಿನ ಈ ಗಲ್ಲಿಗೆ ಬಂದದ್ದು ಎಂಬತ್ತಮೂರರಲ್ಲಿ.
ಆಗ ಒಂದೇ ಲೀಗು, ಆರೇ ತಂಡ,
ರಿಫೈನರಿ ಬೇಲಿಯ ಹಿಂದೆ ಜಲ್ಲಿಯ ಮೈದಾನ,
ಬಿದ್ದವನ ಮೊಣಕಾಲಿಗೆ ಕಡಲ ನೀರೇ ಔಷಧ.
ಬಿಲ್ಲೆಯಲ್ಲಿ ಖರ್ಜೂರದ ಮರ, ಹಸಿರು ದಾರ,
ಗರಿ ಏಳಿರಬೇಕು; ಅವಸರಕ್ಕೆ ಐದು ಹಾಕಿದ್ದೂ ಉಂಟು.

ಎಂಬತ್ತೇಳರ ಫೈನಲ್ಲಿನಲ್ಲಿ ಒಂದು ಆಫ್‌ಸೈಡು.
ಆಗಿತ್ತು ಅಂದವರು ಈಚೆ, ಆಗಿಲ್ಲ ಅಂದವರು ಆಚೆ.
ಕಾರ್ಯದರ್ಶಿ ಕಪ್ಪನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ.
ಮರುವಾರ ನನ್ನ ಮೇಜಿಗೆ ಬೇರೆ ನಕ್ಷೆ: ಹಾಯಿದೋಣಿ, ನೀಲಿ.
ಮೂರು ತಂಡದ ಮರ ಕಡಿದೆ,
ದೋಣಿ ಕಟ್ಟಿದೆ.

ತೊಂಬತ್ತರ ಆಗಸ್ಟಿಗೆ ಎರಡೂ ಇಲ್ಲ.
ಅಮ್ಮಾನಿನ ಶಿಬಿರದಲ್ಲಿ ನೀರಿನ ಸಾಲು,
ನನ್ನ ಮುಂದಿನವನ ತೋಳಲ್ಲಿ ಮರ,
ಅವನ ಮುಂದಿನವನ ತೋಳಲ್ಲಿ ದೋಣಿ.
ಆಫ್‌ಸೈಡಿನ ಮಾತು ಯಾರೂ ಎತ್ತಲಿಲ್ಲ.
ವಿಮಾನ ಹತ್ತಿದ ಮೇಲೆ ಎತ್ತಿದರು.

ಮರಳಿ ಬಂದಾಗ ಮಿಷನ್ನಿಲ್ಲ, ಕತ್ತರಿಯಿಲ್ಲ, ಬಾಗಿಲ ಚಿಲಕವೂ ಇಲ್ಲ.
ಹಳೇ ಬಿಲ್ಲೆ ತುಂಬಿದ್ದ ನಿಡೋ ಡಬ್ಬಿ
ಯಾರಿಗೂ ಬೇಡವಾಗಿ ಉಳಿದಿತ್ತು.

ಆಮೇಲೆ ಲೀಗುಗಳು ಚಿಗಿತವು.
ಹಣ ಕಳಿಸುವ ಕಂಪನಿಗೊಂದು, ಬಿರಿಯಾನಿ ಹೋಟೆಲಿಗೊಂದು,
ಭಟ್ಕಳದವರದ್ದು, ಕಾಸರಗೋಡಿನವರದ್ದು,
ಇಬ್ಬರಿಗೂ ಬೇಡವಾದ ಮಂಜೇಶ್ವರದವರದ್ದು.
ಒಮ್ಮೆ ಎಲ್ಲ ಸೇರಿ ಮಹಾ ಒಕ್ಕೂಟವೂ ಆಯಿತು.
ಮರ, ದೋಣಿ, ಭೂಗೋಳ, ಕೈಕುಲುಕುವ ಎರಡು ಕೈ,
ಬಿಲ್ಲೆ ತೋಳಿಗೆ ಹಿಡಿಸದೆ ಬೆನ್ನಿಗೆ ಹಚ್ಚಬೇಕಾಯಿತು.
ಫೆಬ್ರವರಿಯವರೆಗೆ ಇತ್ತು.

ಈ ಎಲ್ಲದರ ನಡುವೆ ಸಿಲ್ವೆಸ್ಟರನ ತಂಡ.
ಅವನು ನೀರಿನ ಟ್ಯಾಂಕರ್ ಓಡಿಸುವವನು, ಗೋಲಿಗೆ ರುಹುಲ್,
ಕೋಲ್ಡ್ ಸ್ಟೋರಿನ ಅಣ್ಣತಮ್ಮಂದಿರು, ಟೈರ್ ಅಂಗಡಿಯ ಕೊರಗಪ್ಪ.
ಮಿಕ್ಕ ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದೆ, ಸಾಸಿವೆ ಬಣ್ಣ.
ಯಾರ ಪಟ್ಟಿಯಲ್ಲೂ ಇಲ್ಲ. ಯಾರಿಗೆ ಎದುರಾಳಿ ಕೈಕೊಟ್ಟನೋ
ಅವರ ಜೊತೆ ಆಡುವರು. ಗೆದ್ದರೆ ಅಂಕವಿಲ್ಲ,
ಸೋತರೆ ಇಳಿಯಲು ಮೆಟ್ಟಿಲಿಲ್ಲ.
ಪಕ್ಷೇತರ ಅಂತ ನಾನೇ ಕರೆದೆ,
ಊರ ಪುರಸಭೆಗೆ ಕೊಡೆ ಗುರುತಿನಲ್ಲಿ ನಿಂತು
ಹನ್ನೊಂದು ಮತ ತೆಗೆದ ಚಿಕ್ಕಪ್ಪನ ನೆನಪಿಗೆ.
(ಮನೆಯಲ್ಲೇ ಹದಿನಾಲ್ಕು ಮತವಿತ್ತು.)

ಹೋದ ವರ್ಷ ಜಲ್ಲಿಯ ಮೇಲೆ ಹಸಿರು ಹಾಸು ಬಂತು,
ದೀಪ ಬಂತು, ಗೇಟು ಬಂತು, ಗೇಟಿಗೊಬ್ಬ ಕಾವಲುಗಾರ.
ನೋಂದಾಯಿತ ಲೀಗಿನವರಿಗೆ ಮಾತ್ರ ಒಳಗೆ.
ಮೂರು ಶುಕ್ರವಾರ ಬೇಲಿಯಾಚೆ ನಿಂತು ನೋಡಿದ ಸಿಲ್ವೆಸ್ಟರ್
ನಾಲ್ಕನೆಯದಕ್ಕೆ ಹದಿನೈದು ಅಂಗಿ ತಂದು ಮೇಜಿನ ಮೇಲೆ ಹಾಕಿದ,
ಮೇಲೊಂದು ಪೊಟ್ಟಣ, ಹದಿನೈದು ಬಿಲ್ಲೆ,
ಮಧ್ಯದಲ್ಲಿ ಗಿಡುಗ, ಕೆಳಗೆ ಯಾವುದೋ ಪೇಂಟ್ ಕಂಪನಿಯ ಹೆಸರು.

ಮಿಷನ್ನಿಗೆ ಹಾಕಬೇಡ ಮೋನಾಕ, ಅಂದ.
ಕಚ್ಚಾ ಹೊಲಿಗೆ ಸಾಕು, ಉದ್ದುದ್ದ.

ಇಷ್ಟು ವರ್ಷ ಹೊಲಿದವನು ಒಂದು ಪಂದ್ಯವನ್ನೂ ನೋಡಿರಲಿಲ್ಲ.
ಶುಕ್ರವಾರವೇ ನನಗೆ ತುರ್ತು ಕೆಲಸ.
ಆ ವಾರ ಷಟರ್ ಎಳೆದು ಹೋದೆ.
ಮೊದಲ ಅರ್ಧದಲ್ಲೇ ಕೊರಗಪ್ಪನ ಗಿಡುಗ
ಒಂದು ರೆಕ್ಕೆಯಲ್ಲಿ ಜೋತಾಡುತ್ತಿತ್ತು.
ಬಲಬದಿಯಿಂದ ಚೆಂಡು ಬಂತು, ಅವನು ಹಾರಿದ,
ತಲೆ ತಾಗಿತೋ ಹೆಗಲು ತಾಗಿತೋ, ಬಲೆ ಅಲ್ಲಾಡಿತು.
ರೆಫರಿ ಬಾವುಟದ ಕಡೆ ನೋಡುತ್ತಿದ್ದ.

ಆಫ್‌ಸೈಡ್ ಅಲ್ಲ! ಅಂತ ಕೂಗಿದೆ,
ಏನೂ ಕಾಣದ ಜಾಗದಲ್ಲಿ ನಿಂತು.