ಮೂರನೇ ಹೆಣ

ಆ ಸಿನಿಮಾದಾಗ ನಾ ಮೂರನೇದಾಕಿ ಸಾಯ್ತೀನಿ.
ಮೊದಲನೇದಾಕಿ ಲಿಫ್ಟಿನಾಗ,
ಎರಡನೇದಾಂವ ಐಸ್‌ಕ್ರೀಮ್ ಪೆಟಗಿ ಹಿಂದ,
ನಾ ಎಸ್ಕಲೇಟರ್ ಮ್ಯಾಲ.
ಉದ್ಘಾಟನಾ ದಿನ ಎಮ್ಮೆಲ್ಲೆ ಸಾಹೇಬ್ರನ್ನ ಅರ್ಧಕ್ಕ ಏರಿಸಿ ನಿಂತಿದ್ದು
ಮುಂದ ಒಮ್ಮಿನೂ ಮಿಸುಕಿರಲಿಲ್ಲ ಅದು.
'ಛಲೋನೇ ಆತು' ಅಂದ ಅಂಬಾರಾಯ,
'ಪಾವಟಿಗಿ ಅಂತ ತಿಳಕೊಂಡು ಓಡು.'

ಅಂಬಾರಾಯ ಮದಿವಿ ವಿಡಿಯೊ ತೆಗಿಯಾಂವ.
ಮಾಲ್ ಬಂದ್ ಆದ ಮ್ಯಾಲ, ಹನ್ನೊಂದರಿಂದ ಐದರ ತನಾ ಬಾಡಿಗಿ,
ಅದೂ ಹನ್ನೆರಡೇ ರಾತ್ರಿ.
ಏಪ್ರಿಲ್ ತಿಂಗಳು. ಎ.ಸಿ. ಹಚ್ಚಿದ್ರ ಬಿಲ್ಲು ನಮ್ಮದು.
ಹಗಲೆಲ್ಲಾ ಗ್ವಾಡಿ ಕುಡದ ಕಲಬುರಗಿ ಬಿಸಲು
ರಾತ್ರಿ ಮೆಲ್ಲಕ ಉಸರು ಬಿಡ್ತಿತ್ತು.

ನಾ ಎರಡನೇ ಮಾಳಗಿ ಸೀರಿ ಅಂಗಡ್ಯಾಗ
ಬೊಂಬಿಗೋಳಿಗಿ ಸೀರಿ ಉಡಸಾಕಿ.
ಅವುಗಳ ನಡುವ ನಿಂತಾಗ ನೋಡಿ ಕೇಳಿದ, 'ಹೆಣ ಆಗ್ತಿ ಏನು?'
ರಾತ್ರಿಗಿ ಐದುನೂರು, ಚಾ, ಮಿರ್ಚಿ ಭಜಿ.
ಆದೆ.

ಕೊಲ್ಲಾಂವ ರುಕ್ಮೋದ್ದೀನ್, ಪಾರ್ಕಿಂಗಿನಾಗ ಚೀಟಿ ಹರಿಯಾಂವ.
ಮಾರಿಗಿ ತೊಗರಿ ಚೀಲ, ಕಣ್ಣಿಗಿ ಎರಡು ತೂತು,
ಕೈಯಾಗ ಬೇಗಡಿ ಹಚ್ಚಿದ ರಟ್ಟಿನ ಕುಡಗೋಲು.
ಎತ್ತಿದಾಗೊಮ್ಮಿ ಧೂಳು ಮೂಗಿಗಿ ಹೊಕ್ಕು ಸೀನ್ತಿದ್ದ.
ಏಳು ಸಲ ಸತ್ತೆ.
ಏಳೂ ಸಲ ಚೀಲದ ಒಳಗಿಂದ ನನಗಷ್ಟೇ ಕೇಳೂಹಂಗ
'ಮಾಫ್ ಮಾಡು ತಂಗಿ.'

ರಕ್ತ ಅಂದ್ರ ಮಾಲಪುರಿ ಅಂಗಡ್ಯಾಗ ಉಳದ ಪಾಕ,
ಮ್ಯಾಲ ಚಿಟಿಕಿ ಕೆಂಪು ಬಣ್ಣ.
ಎರಡರ ಸುಮಾರ ಇರಿವಿ ಬಂದವು,
ಶಹಾಬಾದ್ ಪರಸಿ ಸಂದಿಯಿಂದ, ಸಾಲು ಹಿಡದು,
ಕೊಳ್ಳಿಗಿ, ಕಿವಿಗಿ, ರೆಪ್ಪಿಗಿ.
ಹೆಣ ಹ್ಯಾಂಗ ತುರಿಸಿಕೊಳ್ತದ?
ಐವತ್ತೆರಡನೇ ನಿಮಿಷಕ್ಕ ನೋಡ್ರಿ,
ಎಡಗಣ್ಣು ಒಂದೀಟು ನಡಗ್ತದ.
ಮಂದಿ ನಗ್ತಾರ ಅಲ್ಲಿ.
ಇಡೀ ಸಿನಿಮಾದಾಗ ನಾ ಇರೂದು ಅಲ್ಲಿ ಒಂದೇ ಕಡಿ.

ಚೀರಿದ್ದು ನಾನಲ್ಲ.
ನನ್ನ ದನಿ ದಪ್ಪ, ಜ್ವಾಳದ ಹೊಲದಾಗ ಹಕ್ಕಿ ಎಬಸೂ ದನಿ.
ಹೈದ್ರಾಬಾದಿನಾಗ ಯಾವಾಕಿನೋ ಒಬ್ಬಾಕಿ
ತಾಸಿಗಿ ಇಷ್ಟು ಅಂತ ಮಾತಾಡಿ
ಇದ್ದ ಐದೂ ಹುಡುಗ್ಯಾರಿಗಿ ಸಾಲಾಗಿ ಚೀರಿ ಹೋದಳಂತ,
ಬಸ್ಸಿಗಿ ಹೊತ್ತಾಗಿತ್ತಂತ.

ಒಂದೇ ಟಾಕೀಸು, ಮೂರೇ ದಿನ.
ಅವ್ವ ಬಂದಿದ್ದಳು.
ಪರದಿ ಮ್ಯಾಲ ಕುಡಗೋಲು ಏಳಾಕ, ಬಾಜೂಕ ಕುಂತ ನನ್ನ ಮುಂಗೈ ಹಿಡದಳು.
ಮಧ್ಯಂತರದಾಗೂ ಬಿಡಲಿಲ್ಲ.
ಕಡೀಗಿ ಹೆಸರು ಓಡಿದವು. 'ಹುಡುಗಿ ೩' ಅಂತ ಇತ್ತು.
ಅವ್ವಗ ಓದಲಾಕ ಬರಲ್ಲ.
'ಚಂದಮ್ಮ ಅಂತ ಬಂತು ನೋಡು' ಅಂದೆ.
ಹೊರಗ ಬಂದು, ಆಟೊ ಹತ್ತೂ ಮುಂದ, ಕೇಳಿದಳು,
'ಆ ಸೀರಿ ಅಂಗಡೀದೇನ? ಕಲಿ ಹೋತಿಲ್ಲೊ?'

ಮಾಲ್ ನಡೀಲಿಲ್ಲ. ಈಗ ಅದು ತೊಗರಿ ಗೋದಾಮು.
ಹಳೇ ಪಗಾರದ ಕಾಗದಕ್ಕ ಒಂದಿನ ಹೋಗಿದ್ದೆ.
ಶಟರ್ ಅರ್ಧ ಎತ್ತಿತ್ತು, ಒಳಗ ಲೈಟಿಲ್ಲ.
ಎಸ್ಕಲೇಟರಿನ ಪಾವಟಿಗಿ ಪಾವಟಿಗಿ ಮ್ಯಾಲ
ಒಂದೊಂದು ಚೀಲ ಕುಂತಿತ್ತು,
ಇನ್ನಾ ಕಣ್ಣು ಕೊರೀದ ಮಾರಿ.
ಕತ್ತಲ್ದಾಗ ಯಾರೋ ಸೀನಿದ್ರು.

ಚೀರಿದೆ.
ಮೂರನೇ ಮಾಳಗಿ ಪಾರಿವಾಳ ಎಲ್ಲಾ ಎದ್ದು ಹಾರಿದವು.
ಹೊರಗ ರಿಕ್ಷಾದಾಂವ ಹಾರ್ನ್ ಬಿಟ್ಟು ಹಣಕಿ ನೋಡಿದ.

ರುಕ್ಮೋದ್ದೀನ್ ಬಂದ, ಗಡ್ಡ ಬೆಳ್ಳಗಾಗ್ಯದ,
ವಾಚ್‌ಮನ್ ಅಂಗಿ ತೋಳಿಲೆ ಮೂಗು ಒರಸಕೋತ.
'ಮಾಫ್ ಮಾಡು ತಂಗಿ,' ಅಂದ, 'ತೊಗರಿ ಧೂಳು.'