ಆನೆಯಿಲ್ಲದ ಮಂಗಳವಾರ

ಬಾಗಿಲಲ್ಲಿ ಟಿಕೆಟ್ಟೇ ಇಲ್ಲವಂತೆ.
ಹೇಳಿದ್ದು ಸಲೂನಿನ ಫರೀದಾ,
ಯಾರದೋ ಹುಬ್ಬಿನ ಮೇಲೆ ದಾರ ಆಡಿಸುತ್ತ,
ಹಲ್ಲಲ್ಲಿ ಅದರ ತುದಿ ಕಚ್ಚಿಕೊಂಡೇ:
'ಮುಫತ್! ವರ್ಷವಿಡೀ ಮುಫತ್!
ಸಿಂಹಕ್ಕೂ ಇಲ್ಲ ಕಾಸು, ಕರಡಿಗೂ ಇಲ್ಲ.'

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು
ಅನ್ನುವ ಓಣಿಯಿಂದ ಬಂದವಳು ನಾನು.
ಈ ಸಲದ ಲೆಕ್ಕ ಮಾತ್ರ ಬೇರೆ.
ಗಂಡನ ಮುಂದೆ ಕೈಯೊಡ್ಡದೆ
ಗಂಡನ ಮಗಳನ್ನು ಒಂದು ದಿನ
ಎಲ್ಲಿಗಾದರೂ ಕರೆದೊಯ್ಯಬೇಕು.
'ಎಷ್ಟ್ ಬೇಕ ಹೇಳು' ಅಂತ ಪಾಕೀಟು ತೆಗೆಯುವವನೇ
ಶಿವಪುತ್ರ. ಅದಕ್ಕೇ ಕೇಳಲಾರೆ.

ಮರಿಸೋಲ್. ಒಂಬತ್ತು ವರ್ಷ.
ನನ್ನನ್ನು ಏನೆಂದೂ ಕರೆಯುವುದಿಲ್ಲ.
ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುತ್ತಾಳೆ.
ಏಳು ತಿಂಗಳು, ಒಂದೇ ಲೋಟದಲ್ಲಿ ಮೂರು ಬ್ರಶ್ಶು,
ಒಂದರ ಮುಖ ಗೋಡೆಗೆ.
ಪಡಸಾಲೆಯಲ್ಲಿರುವ ಅವಳಮ್ಮನ ಫೋಟೋದ ಗಾಜನ್ನು
ಶನಿವಾರ ಶನಿವಾರ ನಾನೇ ಒರೆಸುತ್ತೇನೆ.
ಅವಳು ನೋಡುತ್ತಾಳೆ,
ಮೂಲೆ ಬಿಟ್ಟೆನೇನೋ ಎಂದು.

ಕರೆಂಟು ಬಿಲ್ಲಿನ ಹಿಂದುಗಡೆ ಬರೆದೆ:
ಮಂಗಳವಾರ. ನನಗೆ ರಜೆ, ಅವಳಿಗೂ.
ಡೆವನ್ ಮೂಲೆಯಿಂದ ೧೫೧ನೇ ಬಸ್ಸು, ಸೀದಾ.
ಚಪಾತಿ ಎಂಟು
(ಅವಳು ತಿನ್ನುವುದು ಒಂದೂವರೆ, ಆದರೂ ಎಂಟು).
ಶೇಂಗಾ ಚಟ್ನಿ. ಅಲ್ಲ, ಬೇಡ.
ಶೇಂಗಾ ಅವಳ ಮೈಗೆ ಆಗುತ್ತದೋ ಇಲ್ಲವೋ
ಕೇಳಿಲ್ಲ.
ಏಳು ತಿಂಗಳಲ್ಲಿ ಕೇಳಿಲ್ಲ.
ನೀರು. ಕರವಸ್ತ್ರ.
ಮೊದಲು ಸಿಂಹ, ಆಮೇಲೆ ಕರಡಿ, ಗೊರಿಲ್ಲಾ,
ಕಟ್ಟಕಡೆಗೆ ಆನೆ.

ಆನೆಯನ್ನು ಕಡೆಗಿಟ್ಟದ್ದು ಬೇಕೆಂದೇ.
ಅದರ ಮುಂದೆ ನಿಂತು ಅವಳಿಗೊಂದು ಹೇಳುವುದಿತ್ತು:
ಗದಗಿನ ನಮ್ಮ ಓಣಿಗೆ ಒಮ್ಮೆ ಆನೆ ಬಂದದ್ದು,
ಹಿಂದೆಯೇ ಹುಡುಗರ ಹಿಂಡು ಓಡಿದ್ದು,
ಬಿಸಿ ಲದ್ದಿ ತುಳಿದರೆ ಅಂಗಾಲು ಒಡೆಯುವುದಿಲ್ಲವೆಂದು
ಅಷ್ಟೂ ಜನ ಕುಣಿದು ಕುಣಿದು ತುಳಿದದ್ದು,
ನಾನೊಬ್ಬಳೇ ಹೊಸ ಚಪ್ಪಲಿಯಲ್ಲಿ
ಗಟಾರದ ಆಚೆ ನಿಂತುಬಿಟ್ಟದ್ದು.
ಇಂದಿಗೂ ನನ್ನ ಹಿಮ್ಮಡಿ ನೋಡಿ, ಬಿರುಕು.
ಬಟ್ಟೆ ಮಡಚುತ್ತ ಮಡಚುತ್ತ
ಇಂಗ್ಲಿಷಿನಲ್ಲಿ ಇದನ್ನು ನಾಲ್ಕು ಸಲ ಹೇಳಿಕೊಂಡೆ.
ಲದ್ದಿಗೆ ಬಂದು ನಿಲ್ಲುತ್ತದೆ ಬಾಯಿ.
ಮಗುವಿನೆದುರು ಆಡಬಹುದಾದ ಪದವೊಂದು ಬೇಕು,
ನಗುವೂ ಬರಬೇಕು.

ಭಾನುವಾರ ರಾತ್ರಿ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆ,
ಕೇಳುವ ಧೈರ್ಯ ಸಾಲದೆ.
ಸೋಮವಾರ ಬೆಳಗ್ಗೆ ನೋಡಿದರೆ
ಆನೆಯ ಮೇಲೆ ನೇರಳೆ ಬಣ್ಣದ ಗೆರೆ.
'ಅಲ್ಲಿ ಆನೆ ಇಲ್ಲ.'
ಹಿಂದೆ ಅವಳೇ ನಿಂತಿದ್ದಳು, ಕೈಯಲ್ಲಿ ಹಾಲಿನ ಬಟ್ಟಲು.
'ಅಮ್ಮನ ಜೊತೆ ಹೋಗಿದ್ದೆ. ತುಂಬ ಸಲ.
ಪ್ರತಿ ಸಲ ಕೇಳ್ತಿದ್ದೆ. ಪ್ರತಿ ಸಲ ಇರ್ತಿರಲಿಲ್ಲ.'

ನನ್ನ ಯೋಜನೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.
ನಾನು ಮೊದಲ ಸಲ ತೋರಿಸಲಿದ್ದ ಊರನ್ನು
ಇನ್ನೊಬ್ಬಳು ಆಗಲೇ
ಕೈಹಿಡಿದು ತೋರಿಸಿ ಮುಗಿಸಿದ್ದಾಳೆ.
ಸಿಂಕಿನ ನಲ್ಲಿ ತಿರುಗಿಸಿದೆ, ಸುಮ್ಮನೆ.

ಅವಳು ಪೆನ್ಸಿಲು ಕೆಳಗಿಡಲಿಲ್ಲ.
'ಸಿಂಹ ಮಧ್ಯಾಹ್ನ ಬರೀ ಮಲಗಿರುತ್ತೆ,
ಬೆಳಗ್ಗೆಯೇ ಹೋಗಬೇಕು.
ಬಸ್ಸಲ್ಲಿ ಎಡಗಡೆ ಕೂರಬೇಕು, ಸರೋವರ ಕಾಣುತ್ತೆ.
ಗೊರಿಲ್ಲಾಗಳನ್ನು ಗುರಾಯಿಸಬಾರದು, ಅವಕ್ಕೆ ಆಗಲ್ಲ.'
ಇಷ್ಟನ್ನೂ ಹೇಳಿದ್ದು ಫ್ರಿಜ್ಜಿಗೆ.
ಕರೆಂಟು ಬಿಲ್ಲಿನಲ್ಲಿ ಜಾಗ ಸಾಲದೆ
ಅಂಚಿನಲ್ಲಿ ಅಕ್ಷರಗಳನ್ನು ಇರುಕಿಸಿ ಬರೆದಳು.
ಚಟ್ನಿಯನ್ನು ಹೊಡೆದುಹಾಕಿದ್ದೆನಲ್ಲ,
ಅದನ್ನು ಮತ್ತೆ ಬರೆದಳು.
ಎಲ್ಲಕ್ಕಿಂತ ಕೆಳಗೆ: ಜಾಕೆಟ್, ೨.

'ಗಾಳಿ ಇರುತ್ತೆ' ಅಂದಳು.
ಹಾಲು ಕುಡಿದು ಬಟ್ಟಲು ನನ್ನ ಕೈಗೇ ಕೊಟ್ಟು,
ಬಾಗಿಲವರೆಗೂ ಹೋದವಳು ತಿರುಗಿ:
'ಆನೆ ಯಾಕೆ ಬರೆದಿದ್ದೆ?'

ನಾಳೆ, ಬಸ್ಸಲ್ಲಿ ಹೇಳ್ತೀನಿ, ಅಂದೆ.
ಆ ಪದ ಇನ್ನೂ ಸಿಕ್ಕಿಲ್ಲ.
ಫರೀದಾಳನ್ನು ಕೇಳಬೇಕು.