ನಾಲ್ಕು ಮೈಯ ಮೂಳೆ

ಅರ್ವೈಖೇರ್‌ನಿಂದ ನಾಲ್ಕು ತಾಸು ದೂರದ ನಮ್ಮ ಶಾಲೆಗೆ
ಉಲಾನ್‌ಬಾತರಿನ ಪುಸ್ತಕ ಬಂದದ್ದು ಜನವರಿಯಲ್ಲಿ.
ಏಳನೆಯ ತರಗತಿ, ಹನ್ನೊಂದನೆಯ ಪಾಠ: ಸಂಭವನೀಯತೆ.
ಪುಟದಲ್ಲೊಂದು ದಾಳ, ನೀಲಿ, ಮೂಲೆ ಸವೆಯದ್ದು.

ಸೀಮೆಸುಣ್ಣ ಹಿಡಿದು ಹೇಳಿದೆ:
ಎಸೆಯುವ ಮೊದಲೇ ಎಣಿಸಬಹುದು ಮಕ್ಕಳೇ.
ಆಗಬಹುದಾದದ್ದೆಲ್ಲ ಕೆಳಗೆ,
ಆಗಲಿ ಎಂದು ನಾವು ಕಾಯುವುದು ಮೇಲೆ,
ನಡುವೆ ಒಂದು ಗೆರೆ.
ಆರರಲ್ಲಿ ಒಂದು. ದಾಳ ಮುಟ್ಟಬೇಕಾಗಿಲ್ಲ,
ಕೈ ಕೋಟಿನ ಜೇಬಲ್ಲೇ ಬೆಚ್ಚಗಿರಲಿ.

ನಕ್ಕರು. ಬರೆದುಕೊಂಡರು.
ಆ ಜೇಬುಗಳಲ್ಲಿ ದಾಳವಿರಲಿಲ್ಲ; ಇದ್ದದ್ದು ಶಗೈ,
ಕುರಿಯ ಹಿಂಗಾಲಿನ ಗಿಣ್ಣುಮೂಳೆ,
ಕೈಯಿಂದ ಕೈಗೆ ಸವೆದು ಹಳೆಯ ಬೆಣ್ಣೆಯ ಬಣ್ಣ.
ಅದಕ್ಕೆ ನಾಲ್ಕು ಮೈ, ನಾಲ್ಕು ಹೆಸರು:
ಕುದುರೆ, ಒಂಟೆ, ಕುರಿ, ಮೇಕೆ.
ಹಾಗಾದರೆ ಕುದುರೆ ಬೀಳುವುದು?
ನಾಲ್ಕರಲ್ಲಿ ಒಂದು, ಎಂದೆ. ನಾನೇ. ತಡವರಿಸದೆ.

ಹಿಂದಿನ ಬೆಂಚಿನ ಡುಲ್ಮಾ,
ಅಣ್ಣನ ಬೂಟು ತೊಟ್ಟವಳು, ಎದ್ದು ನಿಂತಳು.
"ಟೀಚರ್, ನೀವು ಯಾವತ್ತೂ ಆಡಿಲ್ಲವೇ?"

ಆಡಿದ್ದೆ. ಆಡಿದ್ದನ್ನು ಬಾಗಿಲಲ್ಲಿ
ಬೂಟಿನ ಹಿಮ ಕೊಡವುವ ಹಾಗೆ ಕೊಡವಿ
ಒಳಗೆ ಬಂದಿದ್ದೆ, ಅಷ್ಟೆ.

ಆ ರಾತ್ರಿ ಹಾಸ್ಟೆಲಿನಲ್ಲಿ ಕರೆಂಟು ಹೋಯಿತು.
ಒಲೆಯ ಬಾಗಿಲು ತೆರೆದಿಟ್ಟು, ಆ ಬೆಳಕಲ್ಲಿ,
ಹೊದಿಕೆ ಮಡಚಿ ಹಾಸಿ, ಹನ್ನೊಂದು ಮಕ್ಕಳು
ಒಂದೇ ಮೂಳೆಯನ್ನು ನಾನೂರು ಸಲ ಎಸೆದರು.
ಗೀಟು ಹಾಕುವ ಕೆಲಸ ನನ್ನದು, ಐದಕ್ಕೊಂದು ಅಡ್ಡಗೀಟು.
ಸತತ ಆರು ಸಲ ಕುರಿ ಬಿದ್ದಾಗ ಜಾಂಬಾ ಕೂಗಿದ:
"ಇನ್ನು ಕುದುರೆಯೇ! ಬರಲೇಬೇಕು, ಅದರ ಸರದಿ!"
ಬಿತ್ತು ಮೇಕೆ.
ಸರದಿ ಊಟದ ಸಾಲಿನಲ್ಲಿ ನಿಂತವರಿಗೆ ಕಣೋ,
ಮೂಳೆಗೆ ಹಿಂದಿನ ಗರದ ನೆನಪಿಲ್ಲ.

ಹೇಳಿಬಿಟ್ಟು ಅನುಮಾನವಾಯಿತು.
ಯಾವ ಇಳಿಜಾರನ್ನು ಎಷ್ಟು ಚಳಿಗಾಲ ಹತ್ತಿಳಿಯಿತೋ ಆ ಕುರಿ,
ಮೈಭಾರವನ್ನು ಯಾವ ಕಡೆಗೆ ಹೊತ್ತಿತೋ,
ಅದೆಲ್ಲ ಇಲ್ಲೇ ಇದೆಯಲ್ಲ,
ಈ ಅಗಲ ಬೆನ್ನಿನಲ್ಲಿ, ಈ ಕಿರಿದಾದ ಪಕ್ಕೆಯಲ್ಲಿ.
ಎಸೆತವನ್ನು ಮರೆಯುತ್ತದೆ. ನಡಿಗೆಯನ್ನಲ್ಲ.

ಬೆಳಗಿನ ಜಾವ ಕೂಡಿ ನೋಡಿದೆ:
ಮೇಕೆ ನೂರ ಐವತ್ತೊಂದು, ಕುರಿ ನೂರ ನಲವತ್ತೆಂಟು,
ಕುದುರೆ ಐವತ್ತೆಂಟು,
ಒಂಟೆ, ಪಾಪ, ನಲವತ್ತಮೂರು.
ನೂರು ನೂರು ನೂರು ನೂರು ಎಂದಿತ್ತು ನನ್ನ ಕರಿಹಲಗೆ.

ಪುಸ್ತಕ ಸುಳ್ಳು ಹೇಳಿರಲಿಲ್ಲ.
'ಎಲ್ಲ ಫಲಿತಗಳೂ ಸಮಾನ ಸಾಧ್ಯವಾಗಿದ್ದಾಗ' ಎಂಬ ಸಾಲನ್ನು
ಔಷಧದ ಸೀಸೆಯ ಸಣ್ಣಕ್ಷರದಂತೆ ನಾನೇ ದಾಟಿಸಿದ್ದೆ.
ದಾಳಕ್ಕೆ ಆ ಸಮಾನತೆ ಹುಟ್ಟಿನಿಂದ ಬಂದದ್ದಲ್ಲ;
ಯಾರೋ ಅರ ಹಿಡಿದು ಉಜ್ಜಿ, ತೂಗಿ,
ಮತ್ತೆ ಉಜ್ಜಿ ಕೊಟ್ಟ ಮಾತು.

ಅಮ್ಮನೂ ನೆನಪಾದಳು. ನನ್ನ ಪರೀಕ್ಷೆಯ ಬೆಳಿಗ್ಗೆ
ನಾಲ್ಕು ಶಗೈ ಚೆಲ್ಲಿದ್ದಳು: ನಾಲ್ಕೂ ಬೇರೆ ಬೇರೆ ಬಿದ್ದರೆ ಭಾಗ್ಯ.
ಬಿದ್ದವು ಮೂರು ಕುರಿ, ಒಂದು ಮೇಕೆ.
"ಗಾಳಿ ಬಂತು," ಎಂದು ಬಾಚಿಕೊಂಡಳು. ಮತ್ತೆ ಚೆಲ್ಲಿದಳು.
ಎಷ್ಟನೆಯ ಸಲಕ್ಕೆ ಒಲಿಯಿತೋ, ನನ್ನನ್ನು ಕರೆದದ್ದು ಆಮೇಲೆ.

ಮಾರ್ಚಿನಲ್ಲಿ ಪರೀಕ್ಷೆ. ಪ್ರಶ್ನೆ ಮೇಲಿನಿಂದಲೇ ಬಂದಿತ್ತು:
'ಶಗೈ ಒಂದನ್ನು ಎಸೆದಾಗ ಕುದುರೆ ಬೀಳುವ ಸಂಭವನೀಯತೆ ಎಷ್ಟು?'
ಉತ್ತರದ ಹಾಳೆಯಲ್ಲಿ ನಾಲ್ಕರಲ್ಲಿ ಒಂದು.
ಡುಲ್ಮಾ ಬರೆದಿದ್ದಳು:
ಯಾವ ಕುರಿಯದ್ದೆಂದು ಹೇಳಿಲ್ಲ.

ಕೆಂಪು ಶಾಯಿ ಚಳಿಗೆ ಗಟ್ಟಿಯಾಗಿತ್ತು.
ಪೆನ್ನನ್ನು ಅಂಗೈಯಲ್ಲಿಟ್ಟು ಉಸಿರೂದುತ್ತಾ
ಬಹಳ ಹೊತ್ತು ಕೂತೆ.